ನಾಲ್ಕು ಕಾರ್ಡು, 30 ಸೆಷನ್: ನನ್ನ ಅನುಭವ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ, ಮಾತಿನಲ್ಲೇ ಕಥೆ ಕಟ್ಟುವ ಆಟ. ಅದರಲ್ಲಿ ನಾನು ನಡೆಸುತ್ತಿದ್ದ ಕ್ಯಾಂಪೇನ್, ಅಂದರೆ ಹಲವು ಸೆಷನ್ ಮುಂದುವರಿಯುವ ಒಂದೇ ಕಥೆ, ಹೋದ ತಿಂಗಳು ಕೊನೆಯ ದೃಶ್ಯ ಮುಟ್ಟಿ ಮುಗಿಯಿತು. ನಾಲ್ವರು ಆಟಗಾರರು, ಸುಮಾರು 30 ಸೆಷನ್, ಹತ್ತಿರ ಹತ್ತಿರ ಒಂದೂವರೆ ವರ್ಷ. ಶುರು ಮಾಡುವಾಗ ಪರಿಚಯದ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವರು) ಒಬ್ಬರು "ಕಥೆಯೇ ಬರೆಯದೆ ಕೂತರೆ ಮೂರನೇ ವಾರಕ್ಕೆ ಮುಖ ಮುಖ ನೋಡ್ಕೊಂಡು ಕೂರ್ತೀರಿ" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ನನ್ನ ಮೂರು ಕ್ಯಾಂಪೇನ್ ಸತ್ತಿವೆ. ಮೂರೂ ಆರೇಳು ಸೆಷನ್ ದಾಟಲಿಲ್ಲ. ಮೊದಲನೆಯದಕ್ಕೆ 40 ಪುಟ ಬರೆದಿದ್ದೆ, ಖಳನಾಯಕನ ಅಜ್ಜನ ಚರಿತ್ರೆ ಸಮೇತ. ಎರಡನೇ ಸೆಷನ್‌ನಲ್ಲೇ ಆಟಗಾರರು ಆ ಖಳನಾಯಕನ ಜೊತೆ ರಾಜಿ ಮಾಡಿಕೊಂಡರು. ನನ್ನ ಹತ್ತಿರ ಇನ್ನೂ 30 ಪುಟ ಉಳಿದಿತ್ತಲ್ಲ, ಅದನ್ನು ಬಿಡಲಾಗದೆ ಅವನ ಕೈಲಿ ಅವರಿಗೆ ಮೋಸ ಮಾಡಿಸಿದೆ. ಅವತ್ತಿಂದ ಅವರು ಸ್ವಂತವಾಗಿ ಏನನ್ನೂ ಮಾಡಲು ಹೋಗಲಿಲ್ಲ. "ಮುಂದೆ ಎಲ್ಲಿಗೆ ಹೋಗ್ಬೇಕು ಹೇಳು" ಅಂತ ಕಾಯುತ್ತಾ ಕೂರುತ್ತಿದ್ದರು. ಎರಡನೆಯದು ಕೊಲೆಯ ಪತ್ತೆ. ಇದ್ದ ಒಂದೇ ಸುಳಿವನ್ನು ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದೆ, ಅದನ್ನು ಹುಡುಕಲು ಹಾಕಿದ ದಾಳದಲ್ಲಿ ಬೇಕಾದಷ್ಟು ಬೀಳಲಿಲ್ಲ, ಎರಡು ಗಂಟೆ ಅದೇ ಕೋಣೆಯಲ್ಲಿ ಸುತ್ತಿದರು. ಒಂದು ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು ಇರಬೇಕು ಅನ್ನುವ, ಈ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಅವರ ನಿಯಮ ಗೊತ್ತಿದ್ದೂ ಪಾಲಿಸಿರಲಿಲ್ಲ.

ಮೂರನೆಯದನ್ನು ಕೊಂದಿದ್ದು ದುಡ್ಡು. ಮಿನಿಯೇಚರ್ (ಪಾತ್ರಗಳ ಪುಟ್ಟ ಗೊಂಬೆ), ಬಣ್ಣ, ಗೋಡೆ-ಬಾಗಿಲುಗಳ ಸೆಟ್, ಮ್ಯಾಪ್ ಸಾಫ್ಟ್‌ವೇರಿನ ಚಂದಾ, ಎಲ್ಲ ಸೇರಿ ಒಂದು ತಿಂಗಳ ಸಂಬಳ ಮೀರಿತ್ತು. ಅಷ್ಟು ಖರ್ಚು ಮಾಡಿ ಕಟ್ಟಿದ ಕೋಟೆಗೆ ಅವರು ಹೋಗಲೇಬೇಕು ಅಲ್ವಾ? ಹಾಗಾಗಿ ಯಾವ ದಾರಿ ಹಿಡಿದರೂ ಕೋಟೆಗೇ ತಂದು ನಿಲ್ಲಿಸುತ್ತಿದ್ದೆ. ಆಮೇಲೆ ಮುಕ್ಕಾಲು ಪಾಲು ಮಾರಿದೆ. ಹಾಕಿದ್ದರಲ್ಲಿ ಮೂರರಲ್ಲೊಂದು ಭಾಗ ವಾಪಸ್ ಬಂದಿರಬಹುದು. ಈ ಸಲದ ಖರ್ಚು ಎರಡು ಕಟ್ಟು ಇಂಡೆಕ್ಸ್ ಕಾರ್ಡು, ಪೆನ್ಸಿಲ್, ಅಷ್ಟೇ. ದಾಳ ಹಳೆಯವೇ.

ತಯಾರಿ ಅಂದರೆ ನಾಲ್ಕೇ ಕಾರ್ಡು. ಒಂದೊಂದರಲ್ಲಿ ಒಬ್ಬ ಎನ್‌ಪಿಸಿ (ಆಟಗಾರರದ್ದಲ್ಲದ, ನಾನೇ ಆಡಿಸುವ ಪಾತ್ರ) ಅಥವಾ ಒಂದು ಗುಂಪು, ಅವರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಮುಂದೆ ಏನು ಮಾಡುತ್ತಾರೆ. ಪಕ್ಕದಲ್ಲೊಂದು ಕ್ಲಾಕ್. ಬ್ಲೇಡ್ಸ್ ಇನ್ ದಿ ಡಾರ್ಕ್ ಅನ್ನುವ ಆಟ ಆಡಿದವರಿಗೆ ಗೊತ್ತೇ ಇದೆ, 4, 6, 8 ಭಾಗದ ವೃತ್ತ. ಅಪಾಯ ಹತ್ತಿರವಾದಂತೆ ಒಂದೊಂದೇ ಭಾಗ ತುಂಬುತ್ತೇವೆ, ಪೂರ್ತಿ ತುಂಬಿದರೆ ಅದು ನಡೆದೇಬಿಡುತ್ತದೆ. ನಾನು ಎಂಟನ್ನು ಕೈಬಿಟ್ಟೆ. ಎರಡು ಮೂರು ವಾರಕ್ಕೊಮ್ಮೆ ಸೇರುವವರಿಗೆ ಎಂಟು ತುಂಬುವಷ್ಟರಲ್ಲಿ ಅದು ಯಾಕೆ ಶುರುವಾಯ್ತು ಅನ್ನೋದೇ ಮರೆತಿರುತ್ತದೆ. ಮತ್ತೆ, ಕ್ಲಾಕನ್ನು ಟೇಬಲ್ ಮಧ್ಯೆಯೇ ಇಡಿ. ನನ್ನ ಪರದೆಯ ಹಿಂದೆ ಇಟ್ಟಾಗ ಯಾರೂ ಅವಸರ ಪಡಲಿಲ್ಲ. ಕಣ್ಣೆದುರೇ ಐದನೇ ಭಾಗಕ್ಕೆ ಪೆನ್ಸಿಲ್ ತಾಗಿಸಿದಾಗ ಎಲ್ಲರೂ ನೆಟ್ಟಗೆ ಕೂತರು.

ದಾಳದ ನಿಯಮ 2010ರ ಅಪೊಕ್ಯಾಲಿಪ್ಸ್ ವರ್ಲ್ಡ್ ಅನ್ನುವ ಆಟದ್ದೇ. ಆರು ಮುಖದ ಎರಡು ದಾಳ, 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಬೆಲೆ ತೆತ್ತು ಗೆಲುವು, 6 ಅಥವಾ ಕಮ್ಮಿ ಬಂದರೆ ನನ್ನ ಸರದಿ, ಅಂದರೆ ಅವರಿಗೆ ಏನು ಕಷ್ಟ ಬಂತು ಅಂತ ನಾನು ಹೇಳುತ್ತೇನೆ. ಪಾತ್ರದ ಸಾಮರ್ಥ್ಯಕ್ಕೆ ದಾಳದ ಮೊತ್ತಕ್ಕೆ ಸೇರಿಸಲು +1 ಇದ್ದವರಿಗೆ 36ರಲ್ಲಿ 16 ಸಲ ಮಧ್ಯದ್ದೇ ಬೀಳುತ್ತದೆ, ಹಾಗಾಗಿ ಜಿಎಂ ತಲೆ ಓಡಬೇಕಾದ್ದು ಅಲ್ಲೇ. ಮೊದಮೊದಲು ಬರೀ ಗಾಯ ಕೊಡುತ್ತಿದ್ದೆ, ಎಲ್ಲರಿಗೂ ಬೇಜಾರಾಯಿತು. ಆಮೇಲೆ ಆ ಬೆಲೆಯನ್ನು ಪಾತ್ರಕ್ಕೆ ಬೇಕಾದವರಿಂದ ವಸೂಲು ಮಾಡತೊಡಗಿದೆ.

ಒಂಬತ್ತನೆಯದೋ ಹತ್ತನೆಯದೋ ಸೆಷನ್. ಗಂಟೆಗೋಪುರದ ಬಾಗಿಲಿಗೆ ಬೀಗ. "ಕೀ ಯಾರ ಹತ್ರ ಇದೆ?" ಅಂತ ಒಬ್ಬಳು ಕೇಳಿದಳು. ನನ್ನ ಕಾರ್ಡಿನಲ್ಲಿ ಉತ್ತರ ಇರಲಿಲ್ಲ. "ನಿನ್ನ ಪಾತ್ರ ಬೆಳೆದಿದ್ದೇ ಈ ಊರಲ್ಲಿ, ನೀನೇ ಹೇಳು" ಅಂದೆ. ದಾಳವನ್ನು ಅಂಗೈಯಲ್ಲಿ ಉರುಳಿಸುತ್ತಾ ಸ್ವಲ್ಪ ಹೊತ್ತು ಸುಮ್ನಿದ್ದಳು. "ನನ್ನ ತಮ್ಮನ ಹತ್ರ. ಅವನು ಸತ್ತಿದ್ದಾನೆ ಅಂತ ನಿಮಗೆಲ್ಲ ಸುಳ್ಳು ಹೇಳಿದ್ದೆ." ಪಕ್ಕದವನು ಪೆನ್ಸಿಲ್ ಕೆಳಗಿಟ್ಟ. ಬೀಗ ಒಡೆಯಲು ಹಾಕಿದ ದಾಳ 8 ಬಂತು. ಬಾಗಿಲು ತೆರೆಯಿತು, ಒಳಗೆ ತಮ್ಮ ನಿಂತಿದ್ದ. ಮುಂದಿನ 20 ಸೆಷನ್ ನಡೆದಿದ್ದು ಆ ಒಂದು ಮಾತಿನ ಮೇಲೆ.

ಹೀಗೆ ಪ್ರಶ್ನೆ ವಾಪಸ್ ಕೇಳುವಾಗ "ಇಲ್ಲಿ ಏನಿದೆ?" ಅಂತ ಖಾಲಿಯಾಗಿ ಕೇಳಿದರೆ ಆಟಗಾರರು ಗಾಬರಿಯಾಗುತ್ತಾರೆ. "ಈ ಊರಲ್ಲಿ ನೀನು ಯಾರಿಗೆ ಮುಖ ತೋರಿಸಲಾರೆ?" ಅಂತ ಅರ್ಧ ಉತ್ತರ ಸೇರಿಸಿಯೇ ಕೇಳಿ. ಪತ್ತೆ ಹಚ್ಚಬೇಕಾದ ರಹಸ್ಯವನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಒಮ್ಮೆ ಕೊಟ್ಟು ನೋಡಿದೆ, ಹುಡುಕುವ ಆಸೆಯೇ ಹೋಯಿತು.

ಒಂದು ಸೆಷನ್ ದಾಳವೇ ಇಲ್ಲದೆ ಆಡಿಸಿದೆ. ಮಾತು ಚೆನ್ನಾಗಿ ಬರುವ ಇಬ್ಬರು ಆಡಿದರು, ಇನ್ನಿಬ್ಬರು ನೋಡುತ್ತಾ ಕೂತರು. ಸಂಗೀತ ಹಾಕಿದರೆ ಮೆಲ್ಲಗೆ ಮಾತಾಡುವವರ ದನಿ ಮುಳುಗಿ ಹೋಗುತ್ತದೆ. ಗೆದ್ದಿದ್ದು ಕಾಗದ. ಎನ್‌ಪಿಸಿಯ ಪತ್ರವನ್ನು ಕೈಯಲ್ಲಿ ಬರೆದು, ಮಡಚಿ, ಒಬ್ಬನಿಗೆ ಮಾತ್ರ ಕೊಟ್ಟೆ. ಬೇರೆಯವರಿಗೆ ಹೇಳೋದು ಬಿಡೋದು ಅವನಿಷ್ಟ. ಹೇಳಲಿಲ್ಲ. ಆರು ಸೆಷನ್ ಅದನ್ನು ಜೇಬಲ್ಲೇ ಇಟ್ಟುಕೊಂಡು ಬರುತ್ತಿದ್ದ.

ಕಾರ್ಡಿನ ಹಿಂಬದಿ ಏನು ಬರೆಯುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ನನ್ನ ಆಟಗಾರರೂ ಇದನ್ನು ಓದುತ್ತಾರೆ. ಕೊನೆಯ ಸೆಷನ್ ಅಷ್ಟು ಚೆನ್ನಾಗಿ ಕೂಡಿಬಂದಿದ್ದು ಅದರಿಂದಲೇ.

ಅವತ್ತು ಅನುಮಾನಪಟ್ಟ ಜಿಎಂ ಈಗ ನನ್ನ ಮುಂದಿನ ಕ್ಯಾಂಪೇನ್‌ಗೆ ಸೇರಿಸಿಕೊಳ್ಳಿ ಅಂದಿದ್ದಾರೆ. ಖುಷಿಯಿಂದ ಹೂಂ ಅಂದೆ. ಅವರು ಬಂದರೆ ಐದು ಜನ. ಒಂದು ಒನ್‌ಶಾಟ್‌ನಲ್ಲಿ (ಒಂದೇ ಸೆಷನ್‌ಗೆ ಮುಗಿಯುವ ಆಟ) ಐದನೇ ಕಾರ್ಡು ಹಾಕಿ ನೋಡಿದ್ದೆ, ಮೂರು ಕ್ಲಾಕ್‌ಗಳನ್ನು ಯಾರೂ ಮುಟ್ಟಲೇ ಇಲ್ಲ. ಅದಕ್ಕೆ ಈ ಸಲವೂ ನಾಲ್ಕರಲ್ಲೇ ಶುರು ಮಾಡಿ, ಐದನೆಯದನ್ನು ಅವರ ಕೈಲೇ ಬರೆಸಬೇಕು ಅಂತಿದ್ದೇನೆ.