ಮಾರ್ಕೆಟ್ ಅಲ್ಲಾಡ್ತಿರೋವಾಗ ಷೇರು ಅಳೆದು ನೋಡೋದು ಹೇಗೆ

ಮಾರ್ಕೆಟ್ ಬಿತ್ತು ಅಂದ್ರೆ ಸಾಕು ನಂಗೆ ಎರಡು ಥರದ ಫೋನ್ ಬರುತ್ತೆ. ಒಬ್ರು ಎಲ್ಲಾ ಮಾರ್ಬಿಡ್ಲಾ ಅಂತಾರೆ, ಇನ್ನೊಬ್ರು ಎಲ್ಲಾ ಅಗ್ಗಕ್ಕೆ ಸಿಗ್ತಿದೆ ಅಲ್ವಾ, ಪಿಎಫ್ ತೆಗೆದು ಹಾಕ್ಬಿಡ್ಲಾ ಅಂತಾರೆ. 2024ರ ಸೆಪ್ಟೆಂಬರ್ ಕೊನೇಲಿ ಸೆನ್ಸೆಕ್ಸ್ 86 ಸಾವಿರ ಮುಟ್ಟೋದ್ರಲ್ಲಿತ್ತು, 2025ರ ಮಾರ್ಚ್ ಶುರುವಲ್ಲಿ 73 ಸಾವಿರಕ್ಕೆ ಬಂತು. ಆಗ್ಲೂ ಇದೇ ಎರಡು ಫೋನು, ಏಪ್ರಿಲಲ್ಲಿ ಟ್ರಂಪ್ ಸುಂಕದ ಗಲಾಟೆ ಆದಾಗ್ಲೂ ಇದೇ. ಇಬ್ರಿಗೂ ನಾನು ತಿರುಗಿ ಕೇಳೋದು, ಆ ದುಡ್ಡು ನಿಮ್ಗೆ ಮತ್ತೆ ಯಾವಾಗ ಬೇಕು?

ಹಾಗಾಗಿ ಮೊದಲ್ನೇ ಕೆಲಸ ಕಂಪನಿ ನೋಡೋದಲ್ಲ, ಮನೆ ಲೆಕ್ಕ ನೋಡೋದು. 2008ರ ಜನವರಿಲಿ ಸೆನ್ಸೆಕ್ಸ್ 21 ಸಾವಿರ ಇತ್ತು, 2009ರ ಮಾರ್ಚ್‌ಗೆ 8 ಸಾವಿರದ ಹತ್ರ ಬಂತು. 2010ರ ದೀಪಾವಳಿ ಹೊತ್ತಿಗೆ ವಾಪಸ್ 21 ಸಾವಿರ ಮುಟ್ತು, ಅಬ್ಬಾ ಅನ್ಕೊಳ್ಳೋಷ್ಟರಲ್ಲಿ ಮತ್ತೆ ಜಾರ್ತು, ಹಳೇ ಎತ್ತರ ದಾಟೋಕೆ 2013ರ ಕೊನೆ ತನಕ ಕಾಯ್ಬೇಕಾಯ್ತು. 2020ರಲ್ಲಿ ನೋಡಿ, ಮಾರ್ಚ್ 23ಕ್ಕೆ ಒಂದೇ ದಿನ 13 ಪರ್ಸೆಂಟ್ ಬಿದ್ದು 26 ಸಾವಿರದ ಕೆಳಗೆ ಹೋಯ್ತು, ಮಧ್ಯದಲ್ಲಿ 45 ನಿಮಿಷ ಟ್ರೇಡಿಂಗೇ ನಿಲ್ಲಿಸಿದ್ರು, ಆದ್ರೆ ನವೆಂಬರ್ ಹೊತ್ತಿಗೆ ಹೊಸಾ ರೆಕಾರ್ಡ್. ಒಂದ್ಸಲ ಹೆಚ್ಚುಕಮ್ಮಿ ಆರು ವರ್ಷ, ಇನ್ನೊಂದ್ಸಲ ಒಂದು ವರ್ಷಾನೂ ಹಿಡೀಲಿಲ್ಲ, ಬೀಳ್ತಿರೋ ದಿನ ಯಾವ್ದು ಯಾವ್ದು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಮಗಳ ಕಾಲೇಜ್ ಫೀಸು, ಸೈಟ್ ರಿಜಿಸ್ಟ್ರೇಷನ್‌ಗೆ ಇಟ್ಟಿರೋದು, ಮದುವೆ ದುಡ್ಡು, ಇವೆಲ್ಲ ಷೇರಿಗೆ ಬರ್ಲೇಬಾರ್ದು. ಆರು ತಿಂಗ್ಳ ಖರ್ಚು ಎಫ್‌ಡಿಲಿ ಇರ್ಲಿ, ಒಂದೊಂದು ಬ್ಯಾಂಕಲ್ಲಿ 5 ಲಕ್ಷದ ತನಕ ಡೆಪಾಸಿಟ್‌ಗೆ ಇನ್ಶೂರೆನ್ಸ್ ಇದೆ. ಇನ್ನು ಕ್ರೆಡಿಟ್ ಕಾರ್ಡಲ್ಲಿ ತಿಂಗ್ಳಿಗೆ 3 ಪರ್ಸೆಂಟ್ ಮೇಲೆ ಬಡ್ಡಿ ಕಟ್ತಾ ಷೇರು ಹುಡುಕ್ತಿರೋರು ಈ ಲೇಖನ ಇಲ್ಲಿಗೇ ನಿಲ್ಸಿ ಕಾರ್ಡ್ ತೀರ್ಸಿ ಬನ್ನಿ, ಆ ಬಡ್ಡಿನ ಮೀರಿಸೋ ಷೇರು ನಂಗಂತೂ ಗೊತ್ತಿಲ್ಲ.

ಎರಡ್ನೇದು, ಈ ಸಲದ ಗಾಬರಿ ಯಾವುದ್ರಿಂದ ಬಂದಿರೋದು, ಅದು ನೀವು ನೋಡ್ತಿರೋ ಕಂಪನಿಗೆ ತಗಲುತ್ತಾ ಇಲ್ವಾ. ಕಚ್ಚಾ ತೈಲ ಏರಿದ್ರೆ ಪೇಂಟು, ಟೈರು, ವಿಮಾನದ ಕಂಪನಿಗಳಿಗೆ ಏಟು. ರೂಪಾಯಿ ಬಿದ್ರೆ ನಮ್ಮ ಬೆಂಗ್ಳೂರಿನ ಐಟಿ ಕಂಪನಿಗಳಿಗೆ ಲಾಭ ಅಂತಾರೆ, ಆದ್ರೆ ಅಮೆರಿಕದ ಕ್ಲೈಂಟೇ ಪ್ರಾಜೆಕ್ಟ್ ನಿಲ್ಸಿದ್ರೆ ಡಾಲರ್ ಎಷ್ಟಿದ್ರೇನು. 2025ರ ಆಗಸ್ಟಲ್ಲಿ ಅಮೆರಿಕ ಸುಂಕನ 50 ಪರ್ಸೆಂಟ್‌ಗೆ ಏರಿಸ್ದಾಗ ಗಾರ್ಮೆಂಟ್ಸ್, ಸಿಗಡಿ ರಫ್ತು ಮಾಡೋರಿಗೆ ನಿಜವಾಗ್ಲೂ ಕಷ್ಟ ಆಯ್ತು. ಹುಬ್ಬಳ್ಳಿಲಿ ಟೂತ್‌ಪೇಸ್ಟ್ ಮಾರೋ ಕಂಪನಿಗೆ ಅದ್ರಿಂದ ಏನು? ಆದ್ರೂ ಗಾಬರಿ ಹೆಚ್ಚಾದ ದಿನ ಎರಡೂ ಥರದ ಷೇರು ಒಟ್ಟಿಗೆ ಬೀಳುತ್ತೆ, ಹುಡುಕ್ಬೇಕಾಗಿರೋದು ಅಲ್ಲೇ.

ಮೂರ್ನೇದು ಸಾಲ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ನಾನು ಏಟು ತಿಂದಿರೋದು ಇಲ್ಲೇ. ಒಂದು ಇನ್ಫ್ರಾ ಕಂಪನಿ, ಹೆಸರು ಬೇಡ, ನಾನು ತಗೊಂಡ ಮೇಲೆ ಅರ್ಧಕ್ಕೆ ಬಂತು, ಆವರೇಜ್ ಮಾಡೋಣ, ಅಂದ್ರೆ ಸರಾಸರಿ ಖರೀದಿ ರೇಟು ಇಳಿಸೋಣ ಅಂತ ಇನ್ನಷ್ಟು ತಗೊಂಡೆ, ಮತ್ತೆ ಅರ್ಧ ಆಯ್ತು, ಮತ್ತೆ ತಗೊಂಡೆ. ಆರ್ಡರ್ ಬುಕ್, ಅಂದ್ರೆ ಕೈಯಲ್ಲಿರೋ ಕೆಲಸ, ಎಷ್ಟು ಸಾವಿರ ಕೋಟಿ ಅಂತ ಬಾಯಿಪಾಠ ಇತ್ತು, ವರ್ಷಕ್ಕೆ ಬಡ್ಡಿ ಎಷ್ಟು ಕಟ್ತಾರೆ ಅಂತ ಒಂದ್ಸಲಾನೂ ನೋಡಿರ್ಲಿಲ್ಲ.

ಲೆಕ್ಕ ಸುಲಭ ಇದೆ. ಬಡ್ಡಿ, ತೆರಿಗೆ ಕಟ್ಟೋಕ್ಮುಂಚಿನ ಲಾಭನ ಬಡ್ಡಿ ಖರ್ಚಿಂದ ಭಾಗಿಸಿ. ಎರಡು ಕಂಪನಿ ಅನ್ಕೊಳ್ಳಿ, ಎರಡಕ್ಕೂ ಲಾಭ 100 ಕೋಟಿ, ಒಂದರ ಬಡ್ಡಿ 20 ಕೋಟಿ, ಇನ್ನೊಂದರದ್ದು 80. ಒಳ್ಳೆ ಟೈಮಲ್ಲಿ ಎರಡೂ ಚೆನ್ನಾಗೇ ಕಾಣುತ್ತೆ. ವ್ಯಾಪಾರ ಕೆಟ್ಟು ಲಾಭ 50ಕ್ಕೆ ಇಳೀತು ಅಂದ್ರೆ ಮೊದಲ್ನೇದು ಬಡ್ಡಿ ಕಟ್ಟಿ 30 ಕೋಟಿ ಉಳಿಸ್ಕೊಳ್ಳುತ್ತೆ, ಎರಡ್ನೇದು ಬಡ್ಡಿಗೇ ಹೊಸಾ ಸಾಲ ಹುಡುಕ್ಬೇಕು. ಅದಕ್ಕೇ ನಾನು ಈ ಸಂಖ್ಯೆ 4ಕ್ಕಿಂತ ಕೆಳಗಿದ್ರೆ ಈಗಿನಂಥ ಟೈಮಲ್ಲಿ ಮುಟ್ಟೋದಿಲ್ಲ, ಇದೇನು ಶಾಸ್ತ್ರ ಅಲ್ಲ, ನನ್ನ ಹೆದರಿಕೆ ಅಷ್ಟೇ.

ಅದಾದ್ಮೇಲೆ ಕ್ಯಾಶ್ ಫ್ಲೋ. ಕಿರಾಣಿ ಅಂಗಡಿ ನೆನಪು ಮಾಡ್ಕೊಳ್ಳಿ, ಸಾಮಾನೆಲ್ಲ ಉದ್ರಿ ಕೊಟ್ರೆ ಪುಸ್ತಕದಲ್ಲಿ ಲಾಭ ಇರುತ್ತೆ, ಗಲ್ಲಾದಲ್ಲಿ ದುಡ್ಡಿರಲ್ಲ. ಕಂಪನಿದೂ ಅಷ್ಟೇ. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಐದು ವರ್ಷದ ಆಪರೇಟಿಂಗ್ ಕ್ಯಾಶ್ ಫ್ಲೋ, ಅಂದ್ರೆ ವ್ಯಾಪಾರದಿಂದ ನಿಜವಾಗ್ಲೂ ಕೈಗೆ ಬಂದ ದುಡ್ಡು, ಕೂಡಿಸಿ, ಪಕ್ಕಪಕ್ಕ ಇಡಿ. ಕ್ಯಾಶ್ ತೀರಾ ಕಮ್ಮಿ ಇದ್ರೆ ಉದ್ರಿ ಎಲ್ಲೋ ಬೆಳೀತಿದೆ ಅಥವಾ ಮಾಲು ಗೋಡೌನಲ್ಲಿ ಕೂತಿದೆ ಅಂತ. ಹಾಗಂತ ಬ್ಯಾಲೆನ್ಸ್ ಶೀಟಲ್ಲಿ ಕ್ಯಾಶ್ ಬೇಕಾದಷ್ಟಿದೆ ಅಂತ ಖುಷಿ ಪಡೋ ಹಾಗೂ ಇಲ್ಲ, ಸತ್ಯಂ ಐಟಿ ಕಂಪನಿದು ಗೊತ್ತಲ್ಲ, 2009ರ ಜನವರಿ 7ಕ್ಕೆ ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬರೆದಾಗ 5,040 ಕೋಟಿ ಕ್ಯಾಶು ಬರೀ ಕಾಗದದ ಮೇಲಿತ್ತು. ಅಷ್ಟು ಕ್ಯಾಶ್ ಇದ್ರೆ ಅದಕ್ಕೆ ತಕ್ಕ ಬಡ್ಡಿ ಆದಾಯ ತೋರಿಸ್ತಿದಾರಾ ಅಂತ ಒಂದ್ಸಲ ತಾಳೆ ನೋಡಿ. ಪ್ರಮೋಟರ್, ಅಂದ್ರೆ ಕಂಪನಿ ನಡೆಸೋ ಮಾಲೀಕ, ತನ್ನ ಷೇರು ಅಡ ಇಟ್ಟಿದಾನಾ ಅನ್ನೋದು ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಲ್ಲಿ ಮೂರ್ ತಿಂಗ್ಳಿಗೊಂದ್ಸಲ ಬರೋ ಷೇರ್‌ಹೋಲ್ಡಿಂಗ್ ಪ್ಯಾಟರ್ನಲ್ಲಿ ಸಿಗುತ್ತೆ, ವಾರ್ಷಿಕ ವರದೀನೂ ಅಲ್ಲೇ ಇರುತ್ತೆ. ಅಡ ಇಟ್ಟಿದ್ದು ಜಾಸ್ತಿ ಇದ್ರೆ, ಬೆಲೆ ಬಿದ್ದಾಗ ಸಾಲ ಕೊಟ್ಟೋರು ಆ ಷೇರ್ನೇ ಮಾರ್ತಾರೆ, ಅದ್ರಿಂದ ಇನ್ನೂ ಬೀಳುತ್ತೆ.

ಬ್ಯಾಂಕ್, ಫೈನಾನ್ಸ್ ಕಂಪನಿಗೆ ಈ ಬಡ್ಡಿ ಲೆಕ್ಕ ನಡೆಯಲ್ಲ, ಸಾಲ ತಗೊಳೋದೇ ಅವರ ಕಸುಬು. ಅಲ್ಲಿ ಎನ್‌ಪಿಎ (ವಾಪಸ್ ಬಾರದೆ ನಿಂತಿರೋ ಸಾಲ), ಬಂಡವಾಳ ಎಷ್ಟಿದೆ ಅಂತ ನೋಡಿ. ಯೆಸ್ ಬ್ಯಾಂಕ್ 2018ರ ಆಗಸ್ಟಲ್ಲಿ 400 ರೂಪಾಯಿ ಹತ್ರ ಇತ್ತು. 200ಕ್ಕೆ ಬಂದಾಗ ಅರ್ಧ ರೇಟು ಅಂತ ತಗೊಂಡೋರಿದ್ರು, 100ಕ್ಕೆ ಬಂದಾಗ್ಲೂ, 50ಕ್ಕೆ ಬಂದಾಗ್ಲೂ. 2020ರ ಮಾರ್ಚ್ 5ಕ್ಕೆ ಆರ್‌ಬಿಐ ಕೋರಿಕೆ ಮೇಲೆ ಕೇಂದ್ರ ಸರ್ಕಾರ ಮೊರಟೋರಿಯಂ ಹಾಕ್ತು, ಖಾತೆಯಿಂದ 50 ಸಾವಿರಕ್ಕಿಂತ ಜಾಸ್ತಿ ತೆಗೆಯೋ ಹಾಗಿಲ್ಲ ಅಂತು. 400 ಇದ್ದಿದ್ದು 50 ಆಗಿದೆ ಅಂದ್ಮಾತ್ರಕ್ಕೆ ಅಗ್ಗ ಆಗಲ್ಲ.

ನಾಲ್ಕ್ನೇದು ಬೆಲೆ. ಪಿಇ (ಷೇರು ಬೆಲೆನ ಒಂದು ಷೇರಿನ ವಾರ್ಷಿಕ ಲಾಭದಿಂದ ಭಾಗಿಸಿದ್ದು) ಕಮ್ಮಿ ಇದೆ ಅಂತ ಬಹಳ ಜನ ಬಲೆಗೆ ಬೀಳ್ತಾರೆ. ಸ್ಟೀಲ್ ಥರದ ಏರಿಳಿತದ ಕಸುಬಲ್ಲಿ ಲಾಭ ಉತ್ತುಂಗದಲ್ಲಿ ಇರೋವಾಗ್ಲೇ ಪಿಇ ಅತೀ ಕಮ್ಮಿ ಕಾಣೋದು, ಮುಂದಿನ ವರ್ಷ ಲಾಭ ಕುಸಿದ್ರೆ ಅದೇ ಷೇರು ದುಬಾರಿ. ಒಂದು ವರ್ಷದ್ದು ಬಿಟ್ಟು ಏಳು ವರ್ಷದ ಸರಾಸರಿ ಲಾಭ ತಗೊಂಡು ಲೆಕ್ಕ ಹಾಕಿ.

ತಗೊಳೋದು ಅಂತಾದ್ರೆ ಒಂದೇ ಸಲ ಸುರೀಬೇಡಿ. 40 ಸಾವಿರ ಇದ್ರೆ ಹತ್ತತ್ತು ಸಾವಿರದ ನಾಲ್ಕು ಕಂತು ಮಾಡಿ, ಪ್ರತೀ ಕ್ವಾರ್ಟರ್ ರಿಸಲ್ಟ್ ಬಂದ್ಮೇಲೆ ಒಂದು ಕಂತು. ಸಿಕ್ಕಿದ ರೇಟಿಗೆ ತಗೊಳೋ ಮಾರ್ಕೆಟ್ ಆರ್ಡರ್ ಬೇಡ, ಅಲ್ಲಾಡ್ತಿರೋ ದಿನ ನೀವು ನೋಡಿದ ರೇಟೇ ಬೇರೆ ಸಿಗೋ ರೇಟೇ ಬೇರೆ, ಇಷ್ಟಕ್ಕಿಂತ ಜಾಸ್ತಿ ಕೊಡಲ್ಲ ಅನ್ನೋ ಲಿಮಿಟ್ ಆರ್ಡರ್ ಹಾಕಿ. ಒಂದೇ ಕಂಪನಿಗೆ ಒಟ್ಟು ಷೇರು ದುಡ್ಡಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ನಾನು ಹಾಕಲ್ಲ. ಇಷ್ಟೆಲ್ಲಾ ಓದೋಕೆ ಪುರ್ಸೊತ್ತಿಲ್ಲ ಅನ್ನೋರಿಗೆ 50 ದೊಡ್ಡ ಕಂಪನಿಗಳ ಷೇರು ಒಟ್ಟಿಗೆ ಇರೋ ನಿಫ್ಟಿ ಇಂಡೆಕ್ಸ್ ಫಂಡಲ್ಲಿ ತಿಂಗ್ಳಿಗಿಷ್ಟು ಅಂತ ಹಾಕೋ ಎಸ್‌ಐಪಿ ಇದೆ, ಅದ್ರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಕಳ್ಕೊಂಡಿದ್ದು ಬೇಗ ವಾಪಸ್ ಮಾಡ್ತೀನಿ ಅಂತ ಬೆಲೆ ಏರುತ್ತಾ ಇಳಿಯುತ್ತಾ ಅಂತ ಪಣ ಕಟ್ಟೋ ಆಪ್ಷನ್ಸ್‌ಗೆ ಮಾತ್ರ ಇಳೀಬೇಡಿ, ಷೇರು ಪೇಟೆ ನೋಡ್ಕೊಳ್ಳೋ ಸೆಬಿನೇ ಲೆಕ್ಕ ತೆಗೆದಿದೆ, 2021ರ ಏಪ್ರಿಲಿಂದ 2024ರ ಮಾರ್ಚ್ ತನಕದ ಮೂರು ಹಣಕಾಸು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ನಮ್ಮಂಥವರಲ್ಲಿ 93 ಪರ್ಸೆಂಟ್ ಜನಕ್ಕೆ ನಷ್ಟ.

ಮಾರೋ ಮುಂಚೆ ತೆರಿಗೆ ನೋಡ್ಕೊಳ್ಳಿ. 2024ರ ಜುಲೈ 23ರಿಂದ ಬಂದ ರೂಲ್ ಪ್ರಕಾರ ವರ್ಷದೊಳಗೆ ಮಾರಿದ್ರೆ ಲಾಭದ ಮೇಲೆ 20 ಪರ್ಸೆಂಟ್, ವರ್ಷ ದಾಟಿದ್ರೆ 1.25 ಲಕ್ಷದ ಮೇಲಿನ ಲಾಭಕ್ಕೆ 12.5. ಹನ್ನೊಂದನೇ ತಿಂಗ್ಳಲ್ಲಿ ಗಾಬರಿಯಾಗಿ ಮಾರೋರು ಬೇಕಾದಷ್ಟು ಜನ ಇದಾರೆ.

ಕೊನೇದು, ತಗೊಂಡ ದಿನಾನೇ ಒಂದು ಹಾಳೆ ಮೇಲೆ ಬರೆದಿಡಿ. ಯಾಕೆ ತಗೊಂಡೆ, ಸಾಲ ಎಷ್ಟಿತ್ತು, ಏನಾದ್ರೆ ಮಾರ್ತೀನಿ. ಬೆಲೆ ಇಷ್ಟಕ್ಕೆ ಬಂದ್ರೆ ಅಂತಲ್ಲ, ಸಾಲ ಇಷ್ಟಾದ್ರೆ, ದೊಡ್ಡ ಕ್ಲೈಂಟ್ ಬಿಟ್ಟೋದ್ರೆ, ಆಡಿಟರ್ ಅರ್ಧಕ್ಕೇ ರಾಜೀನಾಮೆ ಕೊಟ್ರೆ, ಅಂತ. ಆ ಇನ್ಫ್ರಾ ಷೇರಿಗೆ ಹೀಗೊಂದು ಹಾಳೆ ಬರೆಯೋಕೆ ಆಮೇಲೊಂದ್ಸಲ ಕೂತಿದ್ದೆ, ಯಾಕೆ ತಗೊಂಡೆ ಅನ್ನೋದ್ರ ಮುಂದೆ "ಸುರೇಶ ಹೇಳ್ದ" ಅಂತ ಬಿಟ್ರೆ ಬೇರೇನೂ ಬರೆಯೋಕಾಗ್ಲಿಲ್ಲ.