ಅಣಕು ಪರೀಕ್ಷೆಯಲ್ಲಿ ತಪ್ಪಾದಾಗ ಮಕ್ಕಳಿಗೆ ಏನು ಹೇಳಬೇಕು?

ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಅಪ್ಪ ಅಮ್ಮಂದಿರಿಗೆ ಒಂದು ಸಲಹೆ.

ಪ್ರಯೋಗವೊಂದರಲ್ಲಿ ನಾವು ತಪ್ಪು ಗುಂಡಿ ಒತ್ತಿದರೆ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೇ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ತಲೆಯ ಮೇಲೆ ತಂತಿಗಳನ್ನಿಟ್ಟು ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿಯಲ್ಲಿ ಅದು ಕಾಣುತ್ತದೆ. 1990ರ ದಶಕದ ಶುರುವಿನಲ್ಲಿ ಸಂಶೋಧಕರು ಇದನ್ನು ಗುರುತಿಸಿದರು. ಅಂದರೆ ನಾವು ಬೈಯುವ ಮೊದಲೇ ಮಗುವಿನ ಮಿದುಳಿಗೆ ತಪ್ಪಿನ ಸುದ್ದಿ ಮುಟ್ಟಿರುತ್ತದೆ! ಆತಂಕದ ಸ್ವಭಾವದವರಲ್ಲಿ ಈ ಅಲೆ ಸಾಮಾನ್ಯವಾಗಿ ದೊಡ್ಡದು. (ಹಾಗಂತ ಇಇಜಿ ನೋಡಿ ಯಾರ ಸ್ವಭಾವವನ್ನೂ ಹೇಳಲು ಬರುವುದಿಲ್ಲ.)

ಹಾಗಾಗಿ ಅಳುಕಿನ ಮಗುವಿಗೆ "ಸರಿಯಾಗಿ ನೋಡಿ ಬರೆಯೋಕಾಗಲ್ವಾ?" ಅನ್ನುವುದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. "ಯಾವ ಹೆಜ್ಜೆಯಲ್ಲಿ ಎಡವಿದೆ, ತೋರಿಸು" ಅನ್ನಿ. ಅದೇ ಲೆಕ್ಕ ಇನ್ನೊಮ್ಮೆ ಮಾಡಲಿ, ಅಷ್ಟೇ ಸಾಕು. ಗಡಿಬಿಡಿಯ, ತಪ್ಪನ್ನು ಲೆಕ್ಕಕ್ಕೇ ಇಡದ ಮಗುವಾದರೆ ಬೇರೆ ದಾರಿ: ಪೆನ್ಸಿಲ್ ಕೊಟ್ಟು ಅವರ ಉತ್ತರ ಅವರೇ ತಿದ್ದಲಿ.

ಇನ್ನು ಬಹುಮಾನ. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೈನ್ (ಬಹುಮಾನಕ್ಕೆ ಸಂಬಂಧಿಸಿದ ಒಂದು ರಾಸಾಯನಿಕ) ಬಿಡುವ ನರಕೋಶಗಳನ್ನು ಗಮನಿಸಿದ್ದರು. ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಅವು ಚುರುಕಾದವು. ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದಾಗ ರಸ ಕಂಡು ಏನೂ ಆಗಲಿಲ್ಲ. ಗೊತ್ತಿದ್ದೂ ಸಿಗದಿದ್ದಾಗ ಚಟುವಟಿಕೆ ಕುಸಿಯಿತು. ಮಕ್ಕಳು ಮಂಗಗಳಲ್ಲ, ಸರಿ. ಆದರೂ ನನ್ನ ಪ್ರಕಾರ ಪ್ರತಿ ಟೆಸ್ಟಿಗೂ ಪಾನಿಪೂರಿ ಅಂತ ಕರಾರು ಬೇಡ. ಚೆನ್ನಾಗಿ ಕೂತು ಓದಿದ ಯಾವುದೋ ಒಂದು ಸಂಜೆ ಸುಮ್ನೆ ಕರೆದುಕೊಂಡು ಹೋಗಿ, ಅಂಕದ ಮಾತೇ ಎತ್ತಬೇಡಿ.