ನೆರಿಗೆಯೇ ಟೋಪಿ: 1750ರ ಮಾದರಿಯ ಕೈಹೊಲಿಗೆ

1750ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಹೆಂಗಸರು ಹಾಕುತ್ತಿದ್ದ ಬಿಳಿ ಟೋಪಿಯಲ್ಲಿ ಇರುವುದು ಮೂರೇ ತುಂಡು: ಹಿಂದಲೆ ಮುಚ್ಚುವ ಚೀಲ, ಕಿವಿಯಿಂದ ಕಿವಿಗೆ ಬರುವ ಪಟ್ಟಿ, ಮುಖದ ಸುತ್ತ ಝಾಲರಿ. ಕೂಸಿನ ಕುಲಾವಿ ಹೊಲಿದವರಿಗೆ ಆಕಾರ ಹೊಸದೆನಿಸದು. ಕೈ ಸೋಲುವುದು ನೆರಿಗೆಯಲ್ಲಿ.

ತೆಳು ಲಿನನ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಒತ್ತು ನೇಯ್ಗೆಯ ಮಲ್‌ಮಲ್. ಬಂಗಾಳದ ಮಸ್ಲಿನ್ನನ್ನು ಆಗಿನ ಇಂಗ್ಲೆಂಡಿನಲ್ಲೇ ಟೋಪಿಗೆ ಬಳಸುತ್ತಿದ್ದರು, ಹಾಗಾಗಿ ಇದೇನೂ ರಾಜಿಯಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆ ಮಾತ್ರ ಬೇಡ, ನೆರಿಗೆಗಾಗಿ ಅಂಚನ್ನು ಬೆರಳಲ್ಲಿ ಸುತ್ತಿದರೆ ಸುರುಳಿ ನಿಲ್ಲುವುದಿಲ್ಲ. ಮೊದಲೇ ಒಗೆದು, ಒಂದು ಎಳೆ ಹಿರಿದು, ಆ ಗೆರೆಯ ಮೇಲೇ ಕತ್ತರಿಸುತ್ತೇನೆ.

ನನ್ನ ಅಳತೆ: ಪಟ್ಟಿ 45×8 ಸೆಂ.ಮೀ., ಚೀಲ 41×37, ಝಾಲರಿ 110×4. ಚೀಲದ ಮೇಲ್ತುದಿಯನ್ನು ಅರ್ಧವೃತ್ತವಾಗಿ ಕತ್ತರಿಸಬೇಕು. ಪಟ್ಟಿಯ ನಾಲ್ಕೂ ಅಂಚು, ಝಾಲರಿಯ ಹೊರ ಅಂಚು ಮತ್ತು ಎರಡು ತುದಿಗಳಿಗೆ 2ರಿಂದ 3 ಮಿ.ಮೀ. ಹೆಮ್ಮಿಂಗ್. ಚೀಲದ ಕೆಳಗೆ 1 ಸೆಂ.ಮೀ. ಅಗಲ ಮಡಚಿ ಲಾಡಿಗೆ ದಾರಿ ಮಾಡಿ, ಅದರ ಒಳಮೈಯ ನಡುವೆ ಒಂದು ಕಾಜಾ ತೂತು. ಎರಡು ಲಾಡಿ ಬೇಕು. ಒಂದೊಂದನ್ನು ಒಂದೊಂದು ತುದಿಗೆ ಹೊಲಿದು, ಎರಡನ್ನೂ ಅದೇ ತೂತಿನಿಂದ ಹೊರತರಬೇಕು.

ಇನ್ನು ನೆರಿಗೆ. ಚೀಲದ ಬಾಗಿದ ಅಂಚು, ಎರಡೂ ಬದಿಯ ನೇರ ಭಾಗ ಸೇರಿ, ಸುಮಾರು 94 ಸೆಂ.ಮೀ. ಇಕ್ಕೆಲದಲ್ಲೂ ಕೆಳಗಿನ 5 ಸೆಂ.ಮೀ. ನೆರಿಗೆಯಿಲ್ಲದೆ ಸಪಾಟಾಗಿರಬೇಕು. ಉಳಿದ 84, ಪಟ್ಟಿಯ 34 ಸೆಂ.ಮೀ.ಗೆ ಕೂರಬೇಕು. ಎಡಗೈ ಹೆಬ್ಬೆರಳನ್ನು ತುಸು ಒದ್ದೆ ಮಾಡಿ ಅಂಚನ್ನು ತನ್ನ ಕಡೆಗೆ ಸುತ್ತಿ, ಸೂಜಿಯನ್ನು ಸುರುಳಿಯ ಬುಡದಲ್ಲಿ ಚುಚ್ಚಿ, ದಾರವನ್ನು ಸುರುಳಿಯ ಮೇಲಿಂದ ಹಾಯಿಸಬೇಕು. ಹೊಲಿಗೆಗೆ ಹೊಲಿಗೆ 3 ಮಿ.ಮೀ. ಸೂಜಿ ಸುರುಳಿಯನ್ನೇ ಚುಚ್ಚಿತೋ, ದಾರ ಅಲ್ಲೇ ಸಿಕ್ಕಿಬೀಳುತ್ತದೆ, ಎಳೆದರೆ ಕಿತ್ತುಹೋಗುತ್ತದೆ. ನಾಲ್ಕೈದು ಸೆಂ.ಮೀ.ಗೊಮ್ಮೆ ದಾರ ಎಳೆದು ನೆರಿಗೆ ಕೂಡುತ್ತದೆಯೇ ನೋಡುತ್ತಿರಿ. ದಾರಕ್ಕೆ ಜೇನುಮೇಣ ಸವರಿರಬೇಕು, ಕಾಲುಭಾಗಕ್ಕೊಂದು ಹೊಸ ದಾರ ಇರಬೇಕು. ಒಂದೇ ಉದ್ದನೆಯ ದಾರ ಕೊನೆಯಲ್ಲಿ ಕಡಿದರೆ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಬಾಗಿದ ಕಡೆ ಬಟ್ಟೆ ಓರೆಯಾಗಿರುವುದರಿಂದ ಹಿಗ್ಗುತ್ತದೆ, ಎಳೆ ಬಿಡುತ್ತದೆ. ಅದಕ್ಕೇ ಸುತ್ತುವ ಮುಂಚೆ ಒಂದು ಸಲಕ್ಕೆ ಎರಡೇ ಸೆಂ.ಮೀ. ಉದ್ದದಷ್ಟು ಅಂಚಿನ ಬಿಟ್ಟ ಎಳೆ ಕತ್ತರಿಸಿ ಚೊಕ್ಕ ಮಾಡಿಕೊಳ್ಳುತ್ತೇನೆ.

ಜೋಡಿಸುವಾಗ ಚೀಲ, ಪಟ್ಟಿ ಎರಡಕ್ಕೂ ಕಾಲುಭಾಗದ ಗುರುತು ಹಾಕಿ, ಮೇಲ್ಮೈಗೆ ಮೇಲ್ಮೈ ತಾಗಿಸಿ, ಒಂದು ನೆರಿಗೆಗೆ ಒಂದೇ ಹೊಲಿಗೆ. ಎರಡು ನೆರಿಗೆ ಒಟ್ಟಿಗೆ ಹಿಡಿದರೆ ಹೊರಗಿನಿಂದ ಗಂಟಿನಂತೆ ಕಾಣುತ್ತದೆ. ಸರಿಯಾಗಿ ಬಂದಿದ್ದರೆ ಬಿಡಿಸಿದಾಗ ಸಾಲು ಮಣಿಯಂತೆ ಕೂರುತ್ತದೆ, ಒಳಗೆ ಹೊಲಿಗೆಯ ದಪ್ಪವೇ ಇರುವುದಿಲ್ಲ. ಮಿಷಿನ್ನಿನ ನೆರಿಗೆಯಲ್ಲಿ ಈ ಗುಣ ಬಾರದು. ಝಾಲರಿಗೂ ಇದೇ ಕ್ರಮ. ನೇರ ಅಂಚಾದ್ದರಿಂದ ಸಲೀಸು.

ತಿಳಿ ಗಂಜಿ ಸಾಕು. ಒಗೆಯುವ ಮುಂಚೆ ಲಾಡಿ ಸಡಿಲಿಸಿದರೆ ಚೀಲದ ಕೆಳಭಾಗ ಚಪ್ಪಟೆಯಾಗಿ ಹರಡುತ್ತದೆ, ಇಸ್ತ್ರಿ ಪೆಟ್ಟಿಗೆಯ ಮೂತಿ ನೆರಿಗೆಯ ಬುಡದವರೆಗೂ ಹೋಗುತ್ತದೆ.